ಸ್ಟೇರಿಂಗ್ ಓಡಿಹೋದ ಸುದ್ದಿ

ಪೊಲೀಸಿನವನೊಬ್ಬನನ್ನು ಪೊಲೀಸರ ಕಣ್ಣಿಗೆ ಬೀಳದಂತೆ ಬಚ್ಚಿಡುವುದೆಂದರೆ ಬೆಕ್ಕಿರುವ ಮನೆಯಲ್ಲೇ ಹಾಲು ಮುಚ್ಚಿಟ್ಟ ಹಾಗೆ. ಊರಿನ ಮೂಲೆಮೂಲೆಯಲ್ಲೂ ಅವರ ಜನ, ಚಹಾದಂಗಡಿಗೊಂದು ಅವರ ಕಿವಿ. ಆದರೂ ಹೆಡ್ ಕಾನ್‌ಸ್ಟೇಬಲ್ ಆ ಕೆಲಸ ಒಪ್ಪಿಕೊಂಡ. ಇಲಾಖೆಯೊಳಗಿನ ಕಳ್ಳರನ್ನು ಹಿಡಿಯುವುದಕ್ಕೆ ಅಂತ ಒಂದು ವಿಭಾಗವಿತ್ತು. ಅದರಲ್ಲಿ ಉಳಿದಿದ್ದದ್ದು ಒಬ್ಬ ಮೇಡಂ, ಒಬ್ಬ ಹೆಡ್ಡು, ಮತ್ತು ತಿರುಗಬೇಕೋ ಬೇಡವೋ ಅಂತ ಯೋಚಿಸುತ್ತಿದ್ದ ಒಂದು ಫ್ಯಾನು. ಮಿಕ್ಕವರೆಲ್ಲ ಅವರಿವರ ಕೈಕಾಲು ಹಿಡಿದು ವರ್ಗ ಮಾಡಿಸಿಕೊಂಡು ಹೋಗಿದ್ದರು. ನನಗೆ ಹಾಗೆ ಮಾಡಿಸಿಕೊಡುವ ಮಾವನೂ ಇಲ್ಲ, ಭಾವನೂ ಇಲ್ಲ, ಅದಕ್ಕೇ ಇಲ್ಲಿದ್ದೀನಿ ಅಂತ ಹೆಡ್ಡು ತಮಾಷೆ ಮಾಡುತ್ತಿದ್ದ. ನಿಜ ಬೇರೆಯೇ ಇತ್ತು. ಇಡೀ ನೌಕರಿ ಕಂಡೂ ಕಾಣದ ಹಾಗೆ ಇದ್ದುಬಿಟ್ಟವನಿಗೆ, ನಿವೃತ್ತಿಯ ಒಳಗೆ ಒಂದಾದರೂ ನೆಟ್ಟಗಿನ ಕೆಲಸ ಮಾಡಬೇಕು ಅಂತ ಆಸೆ ಹುಟ್ಟಿತ್ತು.

ಬಚ್ಚಿಡಬೇಕಾಗಿದ್ದವನು ಠಾಣೆಯ ಜೀಪಿನ ಡ್ರೈವರು. ಅವನೂ ಪೇದೆಯೇ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ನೆನಪಿರಲಿಲ್ಲ, ಎಲ್ಲರ ಬಾಯಲ್ಲೂ ಅವನು ಸ್ಟೇರಿಂಗ್. ಬಾಯಿಗೆ ಬ್ರೇಕಿಲ್ಲದ ಮನುಷ್ಯ.

ಅವನ ಠಾಣೆಯ ಇನ್ಸ್‌ಪೆಕ್ಟರನ್ನು ಇಲಾಖೆಯವರು ಬೆನ್ನ ಹಿಂದೆ ಬೆಣ್ಣೆ ಸಾಹೇಬ ಅನ್ನುತ್ತಿದ್ದರು. ಎಂದೂ ದನಿ ಏರಿಸಿದವನಲ್ಲ. ಕಪಾಳಕ್ಕೆ ಹೊಡೆಸುವಾಗಲೂ "ಸ್ವಲ್ಪ ನೋಡ್ಕೊಳ್ಳಿ ಇವರನ್ನ" ಅನ್ನುತ್ತಿದ್ದ. ಜಪ್ತಿಯಾದ ವಾಹನಗಳು ಅವನ ಠಾಣೆಯ ಹಿತ್ತಲಿಗೆ ಬಂದರೆ, ಕೇಸು ಮುಗಿಯುವ ಹೊತ್ತಿಗೆ ಮೂಳೆ ಮಾತ್ರ ಉಳಿದಿರುತ್ತಿತ್ತು. ಎಂಜಿನ್ನು, ಟೈರು, ಸೀಟು ಎಲ್ಲ ಒಬ್ಬ ಗುಜರಿಯವನ ಅಂಗಡಿಗೆ ಹೋಗುತ್ತಿದ್ದವು. ಆ ಗುಜರಿಯವನಿಗೆ ಒಂದು ದಿನ ಬುದ್ಧಿ ಬಂತೋ ಭಯ ಬಂತೋ, "ನಾನಿನ್ನು ಒಲ್ಲೆ ಸಾರ್" ಅಂದುಬಿಟ್ಟ. ಮಾತಾಡೋಣ ಬಾ ಅಂತ ಠಾಣೆಗೆ ಕರೆಸಿದರು. ಒಳಗೆ ಹೋದವನು ತನ್ನ ಕಾಲಮೇಲೆ ನಡೆದು ಹೊರಗೆ ಬರಲಿಲ್ಲ. ಅವನನ್ನು ಜೀಪಿನ ಹಿಂದೆ ಹಾಕಿಕೊಂಡು ಊರಾಚೆಯ ಹಾಳುಬಿದ್ದ ಕಲ್ಲುಕ್ವಾರಿಗೆ ಒಯ್ದು, ಅಲ್ಲಿ ನಿಂತಿದ್ದ ನೀರಿಗೆ ತಳ್ಳಿದರು. ಜೀಪು ಓಡಿಸಿದವನು ಸ್ಟೇರಿಂಗ್.

ಮೇಡಂ ಮುಂದೆ ಬಂದು ಇಷ್ಟನ್ನೂ ಹೇಳಿಕೊಂಡವನು ಅವನೇ. ಯಾರೂ ಕರೆದಿರಲಿಲ್ಲ.

"ಸತ್ತಿದ್ದಾನೆ ಅಂತ ಹೇಳಿದ್ರು ಮೇಡಂ. ನಾನೂ ಹಾಗೇ ಅಂದ್ಕೊಂಡೆ. ಕ್ವಾರಿ ರಸ್ತೆ ಗೊತ್ತಲ್ಲ, ಬರೀ ಗುಂಡಿ. ಹಿಂದಿನಿಂದ ಒಂದು ದನಿ ಬಂತು. 'ಅಣ್ಣಾ, ಸ್ವಲ್ಪ ನಿಧಾನ ಹೋಗಣ್ಣ, ನೋಯುತ್ತೆ' ಅಂತ."

"ಆಮೇಲೆ?" ಮೇಡಂ ಕೇಳಿದರು.

"ನಿಧಾನ ಮಾಡಿದೆ. ಅಷ್ಟೇ ನಾನು ಮಾಡಿದ್ದು ಮೇಡಂ. ನಿಧಾನ ಮಾಡಿದೆ."

ಬ್ರೇಕಿಲ್ಲದ ಬಾಯಿ ಅಲ್ಲಿಗೆ ನಿಂತುಹೋಯಿತು. ಬಾಗಿಲ ಬಳಿ ನಿಂತಿದ್ದ ಹೆಡ್ಡು ಹೊರಗೆ ಯಾರಾದರೂ ಇದ್ದಾರಾ ಅಂತ ನೋಡಿ ಬಾಗಿಲು ಹಾಕಿದ.

ಪೊಲೀಸರ ಮುಂದೆ ಹೇಳಿದ ಮಾತಿಗೆ ಕೋರ್ಟಿನಲ್ಲಿ ಕಿಲುಬು ಕಾಸಿನ ಬೆಲೆಯಿಲ್ಲ. ಅದೇ ಮಾತನ್ನು ಸ್ಟೇರಿಂಗ್ ನ್ಯಾಯಾಧೀಶರ ಎದುರು ಹೇಳಬೇಕು. ನ್ಯಾಯಾಧೀಶರು ರಜೆಯ ಮೇಲಿದ್ದರು, ಮುಂದಿನ ಸೋಮವಾರ ಬರುವವರಿದ್ದರು. ಅಲ್ಲಿಯವರೆಗೆ ಇವನನ್ನು ಜೀವಂತ ಕಾಯಬೇಕು. ಕೆಲಸ ಇಷ್ಟೇ.

ಮೇಡಂ ಹಳೇ ಪೇಟೆಯಲ್ಲಿ ಹಾಸಿಗೆ ಹೊಲಿಯುವವನ ಅಂಗಡಿಯ ಮೇಲೆ ಒಂದು ಕೋಣೆ ಗೊತ್ತುಮಾಡಿದ್ದರು. ಕೆಳಗಡೆ ಹತ್ತಿ ಬಿಡಿಸುವ ಯಂತ್ರ ಶುರುವಾಯಿತೆಂದರೆ ಎಳೆ ಎಳೆಯಾಗಿ ನಯವಾದ ದೂಳು ಮೆಟ್ಟಿಲು ಹತ್ತಿ ಬಂದು ಮೂಗು, ಬಾಯಿ, ಚಹಾದ ಲೋಟ, ಎಲ್ಲದರಲ್ಲೂ ಕೂರುತ್ತಿತ್ತು. ಸ್ಟೇರಿಂಗ್ ಒಂದು ಸೀನು ಶುರುಮಾಡಿದರೆ ಅದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. "ಹೆಡ್ಡಣ್ಣ, ಬೆಣ್ಣೆ ಸಾಹೇಬನ ಕೈಲಿ ಸಾಯೋದು ತಪ್ಪಿಸೋಕೆ ಹತ್ತಿ ಕೈಲಿ ಸಾಯಿಸ್ತಾ ಇದೀರಲ್ಲ" ಅನ್ನುತ್ತಿದ್ದ.

ಹೆಡ್ಡು ಅವನಿಗೆ ಪಾಠ ಶುರುಮಾಡಿದ. ಪೊಲೀಸಿನವನ ಮೈಮೇಲೆ ಖಾಕಿ ಇಲ್ಲದಿದ್ದರೂ ಅವನು ಪೊಲೀಸು ಅಂತ ಇನ್ನೊಬ್ಬ ಪೊಲೀಸಿಗೆ ಒಂದು ಫರ್ಲಾಂಗು ದೂರದಿಂದ ಗೊತ್ತಾಗುತ್ತದೆ. ಆ ಗುರುತನ್ನೆಲ್ಲ ಅಳಿಸಬೇಕಿತ್ತು.

"ಕೂದಲು ಬಿಡು. ಗಡ್ಡ ಬಿಡು. ಮಾತಿಗೊಂದು ಸಾರ್ ಅನ್ಬೇಡ."

"ಆಯ್ತು ಸಾರ್."

"ಥೂ ನಿನ್ನ! ಬೆನ್ನು ಬಗ್ಗಿಸಿ ಕೂತ್ಕೊ. ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿ ನಿಲ್ಬೇಡ. ಹೋಗೋ ಬರೋ ಗಾಡಿ ನಂಬರ್ ಓದ್ಬೇಡ. ಕಪ್ಪು ಬೂಟು ಬಿಸಾಕು."

ಬೂಟಿನ ಬದಲಿಗೆ ಹೆಡ್ಡೇ ಹೋಗಿ ಅವನಿಗೆ ರಬ್ಬರಿನ ಹಸಿರು ಚಪ್ಪಲಿ ತಂದುಕೊಟ್ಟ. ಅಂಗಡಿಯಲ್ಲಿ ಅವನ ಅಳತೆಗೆ ಸಿಕ್ಕ ಬಣ್ಣ ಅದೊಂದೇ. ಇದನ್ನು ಹಾಕಿಕೊಂಡರೆ ಕತ್ತಲಲ್ಲೂ ಜನ ನನ್ನನ್ನು ಗುರುತು ಹಿಡಿಯುತ್ತಾರೆ ಅಂತ ಸ್ಟೇರಿಂಗ್ ಬಿದ್ದು ಬಿದ್ದು ನಕ್ಕ. ನಕ್ಕವನು ಆಮೇಲೆ ಹೆಂಡತಿಯ ಮಾತು ತೆಗೆದ. ಅವಳಿಗೆ ಬಂದೋಬಸ್ತಿನ ಡ್ಯೂಟಿ ಅಂತ ಹೇಳಿ ಬಂದಿದ್ದ. ಫೋನು ಮಾಡಕೂಡದು ಅಂತ ಮೇಡಂ ಕಟ್ಟಪ್ಪಣೆ ಮಾಡಿದ್ದರು. "ಅವಳ ಬಾಯಿ ನಿಮಗೆ ಗೊತ್ತಿಲ್ಲ ಹೆಡ್ಡಣ್ಣ. ಮನೆಗೆ ಹೋದ ದಿನ ನನಗೆ ಗ್ರಹಚಾರ ಕಾದಿದೆ" ಅಂದ. ಅಂದು ಬೈಗುಳಕ್ಕಾಗಿಯೇ ಹಾತೊರೆಯುವವನ ಹಾಗೆ ಕಿಟಕಿಯ ಕಡೆ ನೋಡುತ್ತ ಕೂತ. ಇವನನ್ನು ಸೋಮವಾರದ ತನಕ ಕಾದು ಕೋರ್ಟಿಗೆ ಮುಟ್ಟಿಸಿ, ಅಲ್ಲಿಂದ ನಾನೇ ಕೈಹಿಡಿದು ಮನೆಗೆ ಬಿಟ್ಟು ಬರುತ್ತೇನೆ ಅಂತ ಹೆಡ್ಡು ಮನಸ್ಸಿನಲ್ಲೇ ನಿಶ್ಚಯ ಮಾಡಿದ. ಗಂಡುಮಕ್ಕಳಿಲ್ಲದ ಅವನಿಗೆ ಆ ವಾರ ಒಂದು ಬಗೆಯ ಸಂತೋಷ ಆಗಿತ್ತು. ಅದನ್ನು ಯಾರಿಗೆ ಹೇಳುವುದು.

ಶನಿವಾರದ ಮಧ್ಯಾಹ್ನ ಕೆಳಗೆ ಹತ್ತಿಯ ಮೂಟೆ ಬಂದಿಳಿದಿತ್ತು, ಕೋಣೆಯಲ್ಲಿ ಉಸಿರಾಡುವ ಹಾಗಿರಲಿಲ್ಲ. ಇಬ್ಬರೂ ಬೀದಿಯ ತಿರುವಿನ ಚಹಾದಂಗಡಿಗೆ ಇಳಿದರು. ಸ್ಟೇರಿಂಗ್ ಬೆಂಚಿನ ಮೇಲೆ ಒಂದು ಕಾಲು ಎತ್ತಿಟ್ಟು, ಬೆನ್ನು ಗೂನು ಮಾಡಿಕೊಂಡು ಬನ್ನು ತಿನ್ನುತ್ತಿದ್ದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಕಿತ್ತಿತ್ತು. ಹೆತ್ತ ತಾಯಿ ಕೂಡ ಅವನನ್ನು ಪೊಲೀಸು ಅನ್ನುವಂತಿರಲಿಲ್ಲ. ಹೆಡ್ಡು ಅಂಗಡಿಯ ಮುಂದೆ ನಿಂತು ಚಹಾ ಸೋಸುವುದನ್ನು ಕಾಯುತ್ತಿದ್ದ. ಅವನಿಗೆ ತನ್ನ ಶಿಷ್ಯನ ಬಗ್ಗೆ ಹೆಮ್ಮೆ.

ಆಗ ಬೀದಿಯ ಆ ತುದಿಯಿಂದ ಒಂದು ಬಿಳಿಯ ಕಾರು ಬಂತು. ಮುಂದೆ ಬಾವುಟ, ಮೇಲೆ ದೀಪ, ಕಿಟಕಿಗೆ ಪರದೆ. ಕಮಿಷನರ್ ದರ್ಜೆಯವರ ಕಾರು. ಮೆಲ್ಲಗೆ, ಅಂಗಡಿಗಳನ್ನೆಲ್ಲ ಸವರಿಕೊಂಡು ಬಂತು. ಜನ ಒಮ್ಮೆ ನೋಡಿ ತಮ್ಮ ಪಾಡಿಗೆ ತಾವು ತಿರುಗಿದರು. ಸ್ಟೇರಿಂಗ್ ತಲೆಯೆತ್ತಿ ನೋಡಿ ಇನ್ನೊಂದು ತುಂಡು ಬನ್ನು ಬಾಯಿಗಿಟ್ಟುಕೊಂಡ.

ಹೆಡ್ಡಿನ ಹಿಮ್ಮಡಿ ಎರಡೂ ಒಂದಾದವು. ಬೆನ್ನು ನೆಟ್ಟಗಾಯಿತು. ಬಲಗೈ ತಾನಾಗಿ ಎದ್ದು ಹುಬ್ಬಿಗೆ ಬಂದು ನಿಂತಿತು.

ಕಾರು ದಾಟಿತು. ಕೈ ಕೆಳಗಿಳಿಯಿತು. ಸ್ಟೇರಿಂಗ್ ಬಾಯಿತುಂಬ ಬನ್ನು ಇಟ್ಟುಕೊಂಡೇ ನಕ್ಕುಬಿಟ್ಟ. "ಏನ್ ಹೆಡ್ಡಣ್ಣ! ನನಗೆ ಪಾಠ ಹೇಳಿ ಹೇಳಿ..." ಅಂದವನು ಮಾತು ಮುಗಿಸಲಿಲ್ಲ. ಮುಂದೆ ಹೋಗಿದ್ದ ಕಾರಿನ ಹಿಂದಿನ ಕೆಂಪು ದೀಪ ಹೊತ್ತಿಕೊಂಡಿತ್ತು. ಕಾರು ನಿಂತಿತ್ತು.

"ಎದ್ದೇಳು. ಓಡಬೇಡ, ನಡಿ" ಅಂದ ಹೆಡ್ಡು. "ಹಿಂದಿನ ಓಣಿ ಹಿಡಿದು ಬಸ್‌ಸ್ಟ್ಯಾಂಡಿಗೆ ಹೋಗು. ಮೊದಲು ಸಿಕ್ಕ ಬಸ್ಸು ಹತ್ತು. ನಾನು ಈ ಕಡೆ ಹೋಗ್ತೀನಿ, ಅವರು ನನ್ನ ಹಿಂದೆ ಬರ್ತಾರೆ."

ಅವರು ಅವನ ಹಿಂದೆ ಬರಲಿಲ್ಲ. ಓಣಿಯ ಕಡೆಯಿಂದ ಒಂದು ವ್ಯಾನಿನ ಬಾಗಿಲು ಸರ್ರನೆ ಸರಿದು ಧಪ್ಪೆಂದು ಮುಚ್ಚಿದ ಸದ್ದು ಮಾತ್ರ ಕೇಳಿತು. ಹೆಡ್ಡು ವಯಸ್ಸು ಮರೆತು ಓಡಿದ. ಓಣಿ ಖಾಲಿ ಇತ್ತು. ಹಾಸಿಗೆಯವನ ಹೆಂಡತಿ ಮಹಡಿಯಿಂದ ಬಗ್ಗಿ ನೋಡುತ್ತಿದ್ದವಳು, ಇವನನ್ನು ಕಂಡು ಕಿಟಕಿ ಹಾಕಿಕೊಂಡಳು. ಇವನು ಹಿಡಿದೊಯ್ದವರ ಮುಖವನ್ನೂ ನೋಡಲಿಲ್ಲ, ವ್ಯಾನಿನ ನಂಬರನ್ನೂ ನೋಡಲಿಲ್ಲ.

ಮೇಡಂ ಮುಂದೆ ನಿಂತು ನಡೆದದ್ದನ್ನು ಹೇಳಿದ. ಒಂದನ್ನು ಬಿಟ್ಟು.

"ನಾವು ಯಾರಿಗೂ ಹೇಳಿರಲಿಲ್ಲ. ನಿಮಗೆ, ನನಗೆ ಬಿಟ್ಟು ಗೊತ್ತಿರಲಿಲ್ಲ. ಹ್ಯಾಗೆ ಗೊತ್ತಾಯ್ತು ಹೆಡ್ ಅವರೇ?" ಅಂತ ಮೇಡಂ ಕೇಳಿದರು. ಬೈಯುವ ದನಿಯಲ್ಲಿ ಕೇಳಿದ್ದರೆ ಒಪ್ಪಿಕೊಂಡುಬಿಡುತ್ತಿದ್ದನೋ ಏನೋ. ಅವರು ಅಳು ತಡೆದುಕೊಂಡು ಕೇಳಿದರು.

"ಗೊತ್ತಿಲ್ಲ ಮೇಡಂ" ಅಂದ.

ಸೋಮವಾರ ನ್ಯಾಯಾಧೀಶರು ಬಂದರು, ಸಾಕ್ಷಿ ಬರಲಿಲ್ಲ. ಮೇಲಿನವರಿಂದ ಮೇಡಂಗೆ ಫೋನು ಬಂತು. ಸಾಕ್ಷಿ ಹೆದರಿ ತಲೆಮರೆಸಿಕೊಂಡಿದ್ದಾನೆ ಅಂತ ಬರೆದು ಕೇಸು ಮುಚ್ಚಿ, ವಾರದ ಕೊನೆಯೊಳಗೆ ಮುಚ್ಚಿ ಅಂತ. ಮೇಡಂ ಆಯಿತು ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಫೋನು ಇಟ್ಟರು.

ಹೆಡ್ಡು ಬಸ್ಸು ಹಿಡಿದು ಕ್ವಾರಿಗೆ ಹೋದ. ಹೋಗಬಾರದಿತ್ತು, ಆದರೆ ಕಾಲು ಕೇಳಲಿಲ್ಲ. ರಸ್ತೆಯ ತುಂಬ ಗುಂಡಿ, ಸ್ಟೇರಿಂಗ್ ಹೇಳಿದ ಹಾಗೇ ಇತ್ತು. ಕಡಿದಾದ ಬಂಡೆಗಳ ನಡುವೆ ಕಪ್ಪು ನೀರು. ದಡದಲ್ಲಿ ಮುಳ್ಳುಕಂಟಿಗೆ ಸಿಕ್ಕಿಕೊಂಡು ಒಂದು ಹಸಿರು ಚಪ್ಪಲಿ ಬಿದ್ದಿತ್ತು. ಇನ್ನೊಂದಕ್ಕಾಗಿ ಹುಡುಕಿದ, ಸಿಗಲಿಲ್ಲ. ಯಾರೂ ಇಲ್ಲದ ಆ ಜಾಗದಲ್ಲಿ ಬಂಡೆಯ ಮೇಲೆ ಕೂತು ಬಾಯಿಬಿಟ್ಟು ಅತ್ತ. ಅಪ್ಪ ಸತ್ತಾಗಲೂ ಅವನು ಹಾಗೆ ಅತ್ತಿರಲಿಲ್ಲ.

ಚಪ್ಪಲಿಯನ್ನು ತಂದು ಮೇಜಿನ ಮೇಲಿಟ್ಟಾಗ ಮೇಡಂ ಅದನ್ನು ತಿರುಗಿಸಿ ನೋಡಿದರು.

"ಇಂಥ ಚಪ್ಪಲಿ ಊರಲ್ಲಿ ಎಷ್ಟಿವೆಯೋ. ಇದನ್ನ ನಂಬಿ ಯಾರೂ ನೀರಿಗಿಳಿಯಲ್ಲ. ಮುಳುಗುಗಾರರನ್ನ ಕಳಿಸಿ ಅಂತ ಕೇಳಿದೆ. ಮೇಲಿನವರ ಅಪ್ಪಣೆ ಬೇಕಂತೆ. ಮೇಲಿನವರು ಯಾರ ಕಡೆ ಅಂತ ನಿಮಗೂ ಗೊತ್ತು."

"ನಾನೇ ಸಾಕ್ಷಿ ಹೇಳ್ತೀನಿ ಮೇಡಂ."

"ಏನಂತ? ವ್ಯಾನಿನ ಬಾಗಿಲ ಸದ್ದು ಕೇಳಿದೆ ಅಂತಾನಾ? ಕಾಯ್ತಿದ್ದೋರು ನೀವು, ನೀವೇ ಬಿಟ್ಟುಕಳಿಸಿದ್ರಿ ಅಂತ ನಿಮ್ಮ ಮೇಲೇ ತಿರುಗಿಸ್ತಾರೆ." ಅವರು ಒಂದು ಕಾಗದ ಮುಂದೆ ಸರಿಸಿದರು. "ಒಂದೇ ದಾರಿ ಉಳಿದಿರೋದು. ಅವನ ಹೆಂಡತಿ ದೂರು ಕೊಡಬೇಕು. ನನ್ನ ಗಂಡನನ್ನು ಠಾಣೆಯವರೇ ಕೊಂದಿದ್ದಾರೆ ಅಂತ ಅನುಮಾನ ಇದೆ, ಕ್ವಾರಿಯ ನೀರು ಖಾಲಿ ಮಾಡಿಸಿ ನೋಡಿ ಅಂತ. ಮನೆಯವರ ದೂರು ಅಂದ್ರೆ ನ್ಯಾಯಾಧೀಶರು ತಳ್ಳಿಹಾಕೋ ಹಾಗಿಲ್ಲ. ಆ ನೀರಲ್ಲಿ ಒಬ್ಬನಲ್ಲ, ಇಬ್ಬರಿದ್ದಾರೆ. ಸಿಕ್ಕರೆ ಇಡೀ ಠಾಣೆ ಜೈಲಿಗೆ ಹೋಗುತ್ತೆ. ಶುಕ್ರವಾರದೊಳಗೆ ಅವಳ ಸಹಿ ಬೇಕು."

ಗುರುವಾರ ಹೆಡ್ಡು ಕ್ಷೌರದ ಅಂಗಡಿಗೆ ಹೋದ. ಆ ಹೆಣ್ಣುಮಗಳ ಮುಂದೆ ನಿಲ್ಲುವುದಕ್ಕೆ ಮುಂಚೆ ಮುಖ ಮನುಷ್ಯರ ಹಾಗೆ ಕಾಣಲಿ ಅಂತ. ಕೆನ್ನೆಯ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿದ್ದಾಗ ಪಕ್ಕದ ಕುರ್ಚಿ ಕಿರ್‍ರಂದಿತು.

"ಏನಪ್ಪಾ ಹೆಡ್ಡು, ಆರೋಗ್ಯನಾ?"

ಬೆಣ್ಣೆ ಸಾಹೇಬ. ಕುತ್ತಿಗೆಗೆ ಬಿಳಿ ಟವಲು ಕಟ್ಟಿಸಿಕೊಂಡು ಕನ್ನಡಿಯಲ್ಲಿ ನಗುತ್ತಿದ್ದ. ಕ್ಷೌರದವನಿಗೆ, "ನೀನು ಹೋಗಿ ಒಂದು ಚಹಾ ಕುಡಿದು ಬಾರಪ್ಪ" ಅಂದ. ಕ್ಷೌರದವನು ಕತ್ತಿ ಮಡಿಚಿಟ್ಟು ಹೊರಗೆ ಹೋದ.

"ನಿನ್ನ ಸಲ್ಯೂಟು ಇವತ್ತಿಗೂ ಏನು ಚೊಕ್ಕವಾಗಿದೆಯಯ್ಯಾ! ಈಗಿನ ಹುಡುಗರಿಗೆ ಬರಲ್ಲ. ದೊಡ್ಡ ಸಾಹೇಬರನ್ನ ಕೇಳಿ ಆ ಕಾರನ್ನ ನಾನು ವಾರದಿಂದ ಓಣಿ ಓಣಿ ಸುತ್ತಿಸ್ತಾ ಇದ್ದೆ. ಪಬ್ಲಿಕ್ಕು ನೋಡಿ ಸುಮ್ಮನಾಗುತ್ತೆ, ನಮ್ಮೋನು ಮಾತ್ರ ತಡ್ಕೊಳ್ಳಲ್ಲ, ಮೈ ಬಿಗಿ ಮಾಡ್ತಾನೆ. ನಾನು ಆ ಡ್ರೈವರ್ ಮಾಡ್ತಾನೆ ಅಂತ ಲೆಕ್ಕ ಹಾಕಿದ್ದೆ. ನೋಡಿದ್ರೆ ನೀನು!"

ಹೆಡ್ಡಿನ ಬಾಯಿಗೆ ನೊರೆ ಇಳಿಯಿತು. ಉಗುಳಲೂ ಆಗಲಿಲ್ಲ.

"ಅವನು ಓಡಿಹೋದ ಅಂತ ಅವನ ಹೆಂಡತಿಗೆ ಹೇಳಿಕಳಿಸಿದ್ದೀನಿ. ಪಾಪ, ನೆಮ್ಮದಿಯಾಗಿರಲಿ. ನಿಮ್ಮ ಮೇಡಂ ಕೇಸು ಎಳೆದ್ರೆ ಎಳೀಲಿ, ನಾನೇನೂ ಬೇಡ ಅನ್ನಲ್ಲ. ಆದ್ರೆ ಕೋರ್ಟಿನಲ್ಲಿ ಕೇಳ್ತಾರೆ ನೋಡು, ಅವನಿದ್ದ ಜಾಗ ಹ್ಯಾಗೆ ಗೊತ್ತಾಯ್ತು ಅಂತ. ನಾನು ಸುಳ್ಳು ಹೇಳೋಕಾಗುತ್ತಾ? ಆ ಹೆಣ್ಣುಮಗಳು ಎದುರಿಗೇ ಕೂತಿರ್ತಾಳೆ. ನಿನ್ನ ಕೈಯೇ ತೋರಿಸಿತು ಅಂತ ಅವಳಿಗೆ ಯಾಕೆ ಕೇಳಿಸಬೇಕು ಹೇಳು."

ಎದ್ದು, ಟವಲು ಬಿಚ್ಚಿ, ನೀಟಾಗಿ ಮಡಿಸಿ ಕುರ್ಚಿಯ ಮೇಲಿಟ್ಟ. ಹೋಗುವಾಗ ಹೆಡ್ಡಿನ ಹೆಗಲು ತಟ್ಟಿದ. ಹೆಡ್ಡಿಗೆ ಎದುರಿಗೆ ಮಡಿಚಿಟ್ಟಿದ್ದ ಕತ್ತಿ ಕಾಣುತ್ತಿತ್ತು. ಅದನ್ನು ಎತ್ತಿಕೊಳ್ಳುವ ಗಂಡಸು ತಾನಲ್ಲ ಅಂತ ಅವನಿಗೂ ಗೊತ್ತಿತ್ತು, ಬೆಣ್ಣೆ ಸಾಹೇಬನಿಗೂ ಗೊತ್ತಿತ್ತು.

ಶುಕ್ರವಾರ ಮೇಡಂ ತಾವೇ ಕಾರು ಓಡಿಸಿಕೊಂಡು ಬಂದರು. ಸ್ಟೇರಿಂಗನ ಮನೆ ಇದ್ದ ಬೀದಿಯ ತಿರುವಿನಲ್ಲಿ ನಿಲ್ಲಿಸಿ, "ನಾನು ಬಂದ್ರೆ ಗಾಬರಿ ಆಗ್ತಾಳೆ. ನೀವೇ ಹೋಗಿ. ಇದ್ದದ್ದು ಇದ್ದ ಹಾಗೆ ಹೇಳಿ" ಅಂದರು.

ಎರಡನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ಹೊಸ ಅಂಗಿಗಳ ಗುಡ್ಡೆ, ಅದರ ನಡುವೆ ಅವಳು ಕೂತು ಗುಂಡಿ ಹೊಲಿಯುತ್ತಿದ್ದಳು. ಸಿದ್ಧ ಉಡುಪಿನ ಅಂಗಡಿಯವರು ಕೊಡುವ ಕೆಲಸ. ಒಳಕೋಣೆಯಲ್ಲಿ ಅತ್ತೆ ಕೆಮ್ಮುತ್ತಿದ್ದರು. ಮಗಳು ಶಾಲೆಗೆ ಹೋಗಿದ್ದಳು. ಹೆಡ್ಡು ಬಾಗಿಲಲ್ಲೇ ನಿಂತು, "ನಾನಮ್ಮ, ನಿಮ್ಮ ಯಜಮಾನರ ಜೊತೆ ಕೊನೇ ಡ್ಯೂಟಿಯಲ್ಲಿದ್ದೆ" ಅಂದ.

"ಬನ್ನಿ ಅಣ್ಣ. ಕೂತ್ಕೊಳ್ಳಿ, ಆ ಅಂಗಿ ಸರಿಸಿ." ಅವಳು ಹಲ್ಲಿನಿಂದ ದಾರ ಕಡಿದಳು. "ಏನಂತೆ? ಸಿಕ್ಕಿದ್ನಾ ಮಹಾರಾಯ?"

"ಇಲ್ಲಮ್ಮ..."

"ಠಾಣೆಯಿಂದ ಇಬ್ಬರು ಬಂದಿದ್ರು. ಪರಊರಿನ ಯಾವಳ ಜೊತೆನೋ ಓಡಿಹೋಗಿದ್ದಾನೆ ಅಂದ್ರು. ಆ ಮೋರೆಗೆ ಯಾವಳು ಸಿಕ್ಕಿದ್ಲೋ! ಕಣ್ಣು ಕಾಣಿಸದೋಳೇ ಇರಬೇಕು." ನಗಲು ಹೋದಳು, ಆಗಲಿಲ್ಲ. "ಸಿಟ್ಟು ಬಂತು ಅಣ್ಣ. ಅವನ ಬಟ್ಟೆನೆಲ್ಲ ತಗೊಂಡು ಹೋಗಿ ಮೆಟ್ಟಿಲ ಮೇಲೆ ಎಸೆದೆ. ಇಡೀ ಬೀದಿ ನೋಡ್ತು. ಸಂಜೆ ನಾನೇ ಹೋಗಿ ಆರಿಸಿಕೊಂಡು ಬಂದು ಒಗೆದು ಹಾಕಿದೆ. ಏನು ಮಾಡ್ಲಿ?"

ಹೆಡ್ಡು ಜೇಬಿನಿಂದ ಕಾಗದ ತೆಗೆದು ಕೊಟ್ಟ. ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಓದಿದಳು. ನಿಧಾನವಾಗಿ ಓದಿದಳು, ಮತ್ತೊಮ್ಮೆ ಮೊದಲಿನಿಂದ ಓದಿದಳು. ಒಳಗೆ ಅತ್ತೆಯ ಕೆಮ್ಮು ನಿಂತಿತು. ಆಕೆ ಕಿವಿಗೊಟ್ಟು ಕೇಳುತ್ತಿದ್ದಾರೆ ಅಂತ ಇಬ್ಬರಿಗೂ ತಿಳಿಯಿತು.

ಅವಳು ದನಿ ತಗ್ಗಿಸಿದಳು. "ಇದರಲ್ಲಿ ಕೊಂದಿದ್ದಾರೆ ಅಂತ ಇದೆ."

"ಹ್ಞೂಂ."

"ಅವರು ಓಡಿಹೋದ ಅಂದ್ರು. ಅವರನ್ನ ನಾನು ನಂಬಲ್ಲ. ನೀವು ಜೊತೆಯಲ್ಲಿದ್ದೋರು, ನಿಮ್ಮ ಮುಖ ನೋಡಿದ್ರೆ ಒಳ್ಳೇವ್ರ ಥರ ಕಾಣ್ತೀರ. ನೀವು ಹೇಳಿ ಅಣ್ಣ. ಸತ್ತಿದ್ದಾನೆ ಅಂದ್ರೆ ಈಗಲೇ ಸಹಿ ಹಾಕ್ತೀನಿ. ಯಾವ ಸಾಹೇಬನಿಗೂ ಹೆದರಲ್ಲ ನಾನು. ಕೋರ್ಟಿಗೂ ಬರ್ತೀನಿ, ಎಲ್ಲಿಗೆ ಕರೆದ್ರೆ ಅಲ್ಲಿಗೆ ಬರ್ತೀನಿ. ಆದ್ರೆ ಖಂಡಿತ ಗೊತ್ತಿದ್ರೆ ಮಾತ್ರ ಹೇಳಿ. ಓಡಿಹೋಗಿದ್ರೆ ಇವತ್ತಲ್ಲ ನಾಳೆ ಬರ್ತಾನೆ. ಬರೋನ ಹೆಸರಲ್ಲಿ ಸತ್ತ ಅಂತ ನಾನು ಹ್ಯಾಗೆ ಬರೀಲಿ? ಸಂಜೆ ಮಗಳು ಬಂದು ಅಪ್ಪ ಎಲ್ಲಿ ಅಂತಾಳೆ, ಅವಳಿಗೆ ಏನಂತ ಹೇಳ್ಲಿ?"

ಅವಳು ಕಾಯುತ್ತಿದ್ದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ. ಅವನು ಯಾವುದನ್ನು ಹೇಳಿದರೂ ತಗೊಳ್ಳುತ್ತೇನೆ ಅನ್ನುವ ಹಾಗೆ ನೆಟ್ಟಗೆ ನೋಡುತ್ತಿದ್ದಳು. ಹೇಳಬೇಕಾಗಿದ್ದದ್ದು ಒಂದೇ ಮಾತು. ಆ ಮಾತಿನ ಬೆನ್ನಿಗೇ ಅವಳು ಕೇಳುವ ಪ್ರಶ್ನೆ ಹೆಡ್ಡಿಗೆ ಆಗಲೇ ಕೇಳಿಸುತ್ತಿತ್ತು: ಹ್ಯಾಗೆ ಸಿಕ್ಕಿಬಿದ್ದ ಅಣ್ಣ? ಅವನು ತನ್ನ ಬಲಗೈಯನ್ನು ಎಡಗೈಯಿಂದ ಮಂಡಿಗೆ ಒತ್ತಿ ಹಿಡಿದುಕೊಂಡ. ಅವಳ ಮೇಲಿನ ಕನಿಕರ ಎಷ್ಟು, ತನ್ನ ಮೇಲಿನ ಹೆದರಿಕೆ ಎಷ್ಟು ಅಂತ ಅಳೆದು ನೋಡುವಷ್ಟು ಹೊತ್ತು ಇರಲಿಲ್ಲ. ಇದ್ದಿದ್ದರೂ ಅವನು ನೋಡುತ್ತಿರಲಿಲ್ಲ.

"ಓಡಿಹೋದ್ನಮ್ಮ" ಅಂದ. "ನಾನೇ ಕಣ್ಣಾರೆ ನೋಡ್ದೆ. ಬಸ್ಸು ಹತ್ತಿ ಹೋದ."

ಅವಳು ಉಸಿರು ಬಿಟ್ಟಳು. ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರು. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಅಳುತ್ತಲೇ ಬೈದಳು. "ಬರ್ಲಿ, ಬರ್ಲಿ ಅವನು, ಕಾಲು ಮುರೀತೀನಿ. ಹೊಸ್ತಿಲು ದಾಟಿಸಲ್ಲ." ಒಳಗಿನಿಂದ ಅತ್ತೆ, "ನನ್ನ ಮಗ ಬದುಕಿದ್ದಾನೆ ಅಂದ್ನಲ್ಲ, ಅಷ್ಟು ಸಾಕು ಬಿಡೇ" ಅಂದರು. ಇಷ್ಟು ದಿನ ಆಕೆಯೂ ಅದೇ ಭಯ ಇಟ್ಟುಕೊಂಡು ಮಲಗಿದ್ದರು ಅಂತ ಹೆಡ್ಡಿಗೆ ಅರ್ಥವಾಯಿತು.

ಕಾಗದವನ್ನು ಅವಳೇ ನಾಲ್ಕಾಗಿ ಮಡಿಸಿ ಅವನ ಕೈಗೆ ವಾಪಸ್ಸು ಕೊಟ್ಟಳು. ಅವನು ಎದ್ದಾಗ, "ಒಂದು ನಿಮಿಷ ಅಣ್ಣ" ಅಂತ ಒಳಗೆ ಹೋಗಿ ಕಂದುಬಣ್ಣದ ಒಂದು ಸ್ವೆಟರು ತಂದಳು. ಒಗೆದು ಮಡಿಸಿಟ್ಟದ್ದು, ಇನ್ನೂ ಸೋಪಿನ ವಾಸನೆಯಿತ್ತು.

"ನೀವು ಇಲಾಖೆಯೋರು, ಹತ್ತು ಊರು ತಿರುಗ್ತೀರ. ಎಲ್ಲಾದ್ರೂ ಕಣ್ಣಿಗೆ ಬಿದ್ರೆ ಇದನ್ನ ಕೊಡಿ. ಚಳಿ ಅಂದ್ರೆ ಅವನಿಗೆ ಆಗಲ್ಲ. ನಾನು ಕೊಟ್ಟೆ ಅಂತ ಹೇಳ್ಬೇಡಿ, ತಲೆ ಮೇಲೆ ಕೂತ್ಕೋತಾನೆ. ಅತ್ತೆ ಕೊಟ್ರು ಅಂತ ಹೇಳಿ."

"ಹೇಳ್ತೀನಮ್ಮ" ಅಂದ ಹೆಡ್ಡು.

ಮೆಟ್ಟಿಲಿಳಿದು ಬಂದು ಕಾರಿನಲ್ಲಿ ಕೂತ. ಮೇಡಂ ಅವನ ಮುಖ ನೋಡಿ ಕೈ ಚಾಚಿದರು. ಅವನು ಕಾಗದ ಕೊಟ್ಟ. ಅವರು ಬಿಡಿಸಿ, ಸಹಿಯ ಜಾಗ ನೋಡಿದರು.

"ಹಾಕಲ್ವಂತೆ ಮೇಡಂ."

"ಯಾಕೆ?"

"ಹೆದರಿದ್ದಾಳೆ."

ಮೇಡಂ ಕಾಗದ ಮಡಿಸುತ್ತ, "ಅವಳ ತಪ್ಪಲ್ಲ ಬಿಡಿ. ಅವಳ ಜಾಗದಲ್ಲಿ ನಾನಿದ್ರೂ ಹೆದರ್ತಿದ್ದೆ" ಅಂದರು. ಕಾಗದವನ್ನು ಫೈಲಿನೊಳಗಿಟ್ಟು ಫೈಲನ್ನು ಹಿಂದಿನ ಸೀಟಿಗೆ ಎಸೆದು ಕಾರು ಶುರುಮಾಡಿದರು.

ದೊಡ್ಡ ರಸ್ತೆಗೆ ತಿರುಗುವಾಗ ಮೇಡಂ ಅವನ ತೊಡೆಯ ಮೇಲಿದ್ದದ್ದನ್ನು ನೋಡಿದರು.

"ಅದೇನು ಹೆಡ್ ಅವರೇ, ಸ್ವೆಟರಾ? ಅವಳು ಕೊಟ್ಟದ್ದಾ?"

"ಇಲ್ಲ ಮೇಡಂ" ಅಂದ ಹೆಡ್ಡು. "ನಂದೇ."